ಎರಡಿಂಚು

ಒಂಬತ್ತು ಬಿಚ್ಚೂದು ಸಣ್ಣ ಕೆಲಸಲ್ಲ.
ಹೊಲಿದಾಂವ ನಾನ, ನನಗ ಗೊತ್ತೈತಿ
ಎಲ್ಲೆಲ್ಲಿ ಎರಡು ಸಲ ಮಷೀನ್ ಓಡಿಸೇನಿ ಅಂತ.
ಎಬಿನೇಜರ್, ಗದಗ ರೋಡ್ ಕ್ವಾರ್ಟರ್ಸಿನ ಹುಡುಗ,
ಹಿಂದಿಂದ ಜರ್ಸಿ ಹಿಡದು ಜಗ್ಗೋರು ಭಾಳ ಅವಂಗ,
ಅದಕ್ಕ ಡಬಲ್ ಹೊಲಿಗಿ.
ಬ್ಲೇಡಿನ ತುದೀಲೆ ಒಂದೊಂದ ದಾರ ಹರದೆ.
ಅಂಕಿ ಕೈಗೆ ಬಂತು. ಬಟ್ಟಿ ಮ್ಯಾಗ ಸೂಜಿ ತೂತು
ಒಂಬತ್ತಾಗೇ ಉಳದ್ವು.

"ಹದಿನೇಳು ಹಚ್ಚರಿ ಮಾಸ್ತರ," ಅಂದ ಹುಡುಗ,
ಗಿರ್ಮಿಟ್ ತಿನಕೋತ, ಏನೂ ಆಗಿಲ್ಲದಂಗ.
ಮೆಣಸಿನಕಾಯಿ ಖಾರ ಅಂತ ಕಣ್ಣೊರಸಿಕೊಂಡ.
ನಾ ಮಷೀನಿಗೆ ಎಣ್ಣಿ ಬಿಡಕೋತ ಕುಂತೆ.

ಯಾಕಂದ್ರ ಡೆರಿಕ್ ಬರೆಟ್ಟೊ ಬಂದಾನ.
ಟೈಲ್ಸ್ ಅಂಗಡಿ ಸಾವ್ಕಾರ ರೊಕ್ಕ ಸುರದು ತಂದಾನ.
ಚನ್ನಮ್ಮ ಸರ್ಕಲ್‌ದಾಗ ಮೂರು ಮಾಳಿಗಿ ಎತ್ತರದ ಬ್ಯಾನರ್:
ಕೋಲ್ಕತ್ತಾದಾಗ ಎಂಟು ವರ್ಷ ಆಡಿದ ಕಾಲು,
ಟೀವಿಯೊಳಗ ಹಲ್ಲುಜ್ಜೋ ಪೇಸ್ಟಿಗೆ ನಕ್ಕ ಬಾಯಿ.
ಚಿಗರಿ ಬಸ್ಸಿನ ಕಿಟಕಿಯಿಂದ ಜನ ಚಿತ್ರಕ್ಕ ಕೈ ಮಾಡಿದ್ರು.
ನಾನೂ ಮಾಡಿದೆ. ಸುಳ್ಳ ಯಾಕ ಹೇಳ್ಲಿ.

ಮೂವತ್ತೊಂದು ವರ್ಷಾತು, ಗ್ರೌಂಡಿನ ಈ ಮೋಟು ಗೋಡಿ ಮ್ಯಾಗ
ಲೋಕೋ ಇಲೆವೆನ್‌ಗಾಗಿ ಕುಂತು.
ಕೆಸರಿನಾಗ ಏಳು ಗೋಲು ತಿಂದ ದಿನ ಕುಂತೀನಿ,
ಗೋಲ್‌ಕೀಪರನ ಮದವಿ ಅಂತ ಹತ್ತ ಮಂದಿ ಆಡಿದಾಗ ಕುಂತೀನಿ,
ಮಗಳ ನಿಶ್ಚಯದ ಐತವಾರ
ಬೀಗರಿಗೆ ಚಾ ಕೊಟ್ಟು ಹಿತ್ತಲ ಬಾಗಲಲೆ ಹೊಂಟು ಬಂದು ಕುಂತೀನಿ.
"ಆ ಗೋಡಿನ ಕಟಗೋಬೇಕಿತ್ತು ನೀವು" ಅಂತಾಳ ಹೆಂಡತಿ.
ತಪ್ಪೇನಿಲ್ಲ ಆಕೀದು.

ಮೊದಲನೇ ಮ್ಯಾಚು: ಇಪ್ಪತ್ತ ನಿಮಿಷ,
ಎರಡೂ ಕೈ ಸೊಂಟದ ಮ್ಯಾಲೆ. ಆಮ್ಯಾಲೆ ಸೆಲ್ಫಿ.
ಎರಡನೇದು: ಓಡಂಗಿಲ್ಲ, ಬರೇ ಚೆಂಡು ಕೇಳತಾನ,
ಊಟಕ್ಕ ಕುಂತ ಹೊಸಾ ಅಳಿಯ ಇದ್ದಂಗ,
ಎಲ್ಲಾ ಅವನ ತಾಟಿಗೇ ಬರಬೇಕು.
ಮೂರನೇದು ಬೆಟಗೇರಿಯವರ ಕೂಡ, ಬುಧವಾರ.
ವರ್ಕ್‌ಶಾಪಿನ ಭೋಂಗಾ ಆಗಿ ಎಲ್ಲಾರೂ ಎಣ್ಣಿ ಕೈಲೇ ಬಂದಿದ್ರು.
ಕಡೇ ಗಳಿಗಿ. ಪೆನಲ್ಟಿ.
ಮೊಣಕಾಲು ಸುಲಿಸಿಕೊಂಡು ಗಳಿಸಿದಾಂವ ಎಬಿನೇಜರ್,
ಚೆಂಡು ತಗೊಂಡಾಂವ ಬರೆಟ್ಟೊ.
ಹೊಡದದ್ದು ಹಿಂದಿನ ಬೇವಿನ ಗಿಡದಾಗ ಸಿಕ್ಕೊಂತು.
ಕೆಳಗ ಸುದ್ದಾ ಬೀಳಲಿಲ್ಲ.

ನಾ ಬೈದೆ.
ಜೀವನದಾಗ ಬಾಯಾಗ ತರದ ಮಾತು ತಂದು ಬೈದೆ,
"ಒಂಬತ್ತು ಬಿಚ್ಚಿ ಕೊಡೋ ನಮ್ಮ ಹುಡುಗಗ" ಅಂದೆ.
ಒಂದ ಸಲ ತಿರುಗಿ ನೋಡಿದ.

ಅವತ್ತ ರಾತ್ರಿ ಶಟರ್ ಅರ್ಧ ಎಳದಿದ್ದೆ,
ಬಗ್ಗಿ ಒಳಗ ಬಂದ. ಒಬ್ಬನ. ಕೈಯಾಗ ಚೀಲ,
ಚೀಲದಾಗ ನಾನ ಹೊಲಿದ ಚಡ್ಡಿ.
ಗುರತು ಸಿಗಲಿಲ್ಲೋ, ಸಿಕ್ಕೂ ಸುಮ್ಮನಾದನೋ.
ಅರ್ಧ ಹಿಂದಿ, ಅರ್ಧ ಕೊಂಕಣಿ:
ಸ್ವಲ್ಪ ಸಡಿಲ ಮಾಡ್ರಿ, ಯಾರಿಗೂ ಹೇಳಬ್ಯಾಡ್ರಿ.

ಟೇಪು ಸುತ್ತಿದೆ.
ಮೂವತ್ತೆರಡು ಅಂತ ಬರಸಿದ್ದ ಸಾವ್ಕಾರ.
ಮೂವತ್ತಾರಕ್ಕ ಬಂದು ನಿಂತಿತು.
ಉಸಿರು ಹಿಡಕೊಂಡಿದ್ದ ಪಾಪ, ಅದೂ ಗೊತ್ತಾತು.
ಬಲ ಮೊಣಕಾಲಿನ ಮ್ಯಾಗ ಹಳೇ ಹೊಲಿಗಿ,
ಸೊಟ್ಟ, ಗಡಿಬಿಡಿ ಕೆಲಸ,
ನಾ ಆಗಿದ್ರ ಬಿಚ್ಚಿ ಮತ್ತ ಹೊಲೀತಿದ್ದೆ.

ಮಡಚಿ ಒಳಗಿಟ್ಟ ಬಟ್ಟಿ ಎರಡ ಇಂಚು.
ಎರಡಿಂಚು ಬಿಟ್ಟೆ.
"ಉಳಿದೆರಡು ನೀ ಓಡಿ ಕರಗಿಸು" ಅಂದೆ, ಕನ್ನಡದಾಗ.
ತಿಳೀತೋ ಇಲ್ಲೋ, ಹೂಂ ಅಂದ.
ನಲವತ್ತು ರೂಪಾಯಿ ತಗೊಂಡೆ. ಅದನ್ನ ಬಿಡಲಿಲ್ಲ.

ಎಬಿನೇಜರನ ಒಂಬತ್ತು ಡ್ರಾವರಿನಾಗ ಐತಿ,
ಗುಂಡಿ ಡಬ್ಬಿ ಕೆಳಗ, ಸುಕ್ಕಾಗಬಾರದಂತ.
ಐತವಾರ ಧಾರವಾಡದವರ ಕೂಡ ಮ್ಯಾಚು.
ಕುಂಡರತೀನಿ ಗೋಡಿ ಮ್ಯಾಗ. ಬೈತೀನಿ ಅವಂಗ, ಯಾಕ ಬಿಡ್ಲಿ,
ಕಾಲಿಗೆ ಬೈತೀನಿ, ಕಣ್ಣಿಗೆ ಬೈತೀನಿ,
ಸೊಂಟದ ಸುದ್ದಿಗೆ ಮಾತ್ರ ಹೋಗಂಗಿಲ್ಲ.