ಮೂವತ್ತೊಂದನೇ ಪ್ರಶ್ನೆ

ಅರಕಲಗೂಡಿನಿಂದ ಕೊಣನೂರು ಬಸ್ಸು ಹಿಡಿದು
ಕೊಪ್ಪಲು ಗೇಟಿನಲ್ಲಿಳಿದು ಒಂದೂವರೆ ಮೈಲಿ ನಡೆದರೆ ಶಾಲೆ.
ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯುವ ವಾಸನೆ.
ಚೀಲದಲ್ಲಿ ನಲವತ್ತಾರು ಪ್ರಶ್ನೆ, ಮೂರೇ ಉತ್ತರ:
ಹೌದು, ಇಲ್ಲ, ಅನ್ವಯಿಸುವುದಿಲ್ಲ.
ಶಾಲೆಯೊಂದಕ್ಕೆ ನೂರಾಹತ್ತು ರೂಪಾಯಿ,
ಊಟ, ಬಸ್ಸು ನಮ್ಮದೇ.

ದಾಕ್ಷಾಯಿಣಿ ಮೇಡಂ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದರು,
ಮೊಸರಿನ ಪಾತ್ರೆಯ ಮುಚ್ಚಳ ತೆಗೆಯುವಷ್ಟು ಮೆಲ್ಲಗೆ.
ಕಸೂತಿ ಬಟ್ಟೆ, ನಡುವೆ ಎರಡು ಗಿಳಿ.

ಎಷ್ಟು ಯಂತ್ರಗಳಿವೆ? ನಾಲ್ಕು.
ಎಷ್ಟು ಚಾಲ್ತಿಯಲ್ಲಿವೆ? ಒಂದು, ಮತ್ತೊಂದು ಅರ್ಧ.
ಅರ್ಧ ಅಂದರೆ?
ಬೆಳಿಗ್ಗೆ ಆನಾಗ್ತದೆ ಸಾರ್, ಬಿಸಿಲೇರಿದ ಮೇಲೆ ಇಲ್ಲ.
ಅರ್ಧಕ್ಕೆ ಜಾಗವಿರಲಿಲ್ಲ. ಎರಡು ಎಂದು ಬರೆದೆ.

ಯುಪಿಎಸ್ ಇದೆಯೇ? ಇದೆ,
ಅದರ ಮೇಲೆ ಅಡುಗೆಯ ಚೆಲುವಮ್ಮನ ಬೆಲ್ಲದ ಡಬ್ಬಿ.
ಅಲ್ಲಿಗೆ ಇರುವೆ ಹತ್ತುವುದಿಲ್ಲವಂತೆ.

ಪಾಸ್‌ವರ್ಡನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ?
ಅವರು ಗೋಡೆ ತೋರಿಸಿದರು.
ಹದಿನಾರರ ಮಗ್ಗಿ, ವಾರಗಳ ಹೆಸರು, ಬಿಸಿಯೂಟದ ಪಟ್ಟಿ,
ಅದರ ಕೆಳಗೆ ನೀಲಿ ಬಣ್ಣದಲ್ಲಿ ಪಾಸ್‌ವರ್ಡು,
ಪೇಂಟರಿಗೆ ಹೇಳಿ ಬರೆಸಿದ್ದು.
ಸೀಮೆಸುಣ್ಣದಲ್ಲಿ ಬರೆದ್ರೆ ಮಕ್ಕಳು ಒರೆಸಿಬಿಡ್ತವೆ ಸಾರ್.

ತಾಂತ್ರಿಕ ತೊಂದರೆಯಾದರೆ ಯಾರನ್ನು ಸಂಪರ್ಕಿಸುತ್ತೀರಿ?
ಹಾಸನದ್ದೊಂದು ನಂಬರಿದೆ, ಎತ್ತೋದಿಲ್ಲ.
ಆಮೇಲೆ?
ಆಮೇಲೆ ಏಳನೇ ತರಗತಿ ಸುಹಾನಾ.

ಕೂಗಿದರು. ಬಂದಳು, ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು,
ಅಪ್ಪ ಸಂತೆಯಲ್ಲಿ ಮಿಕ್ಸಿ ರಿಪೇರಿ ಮಾಡುವ ಹುಡುಗಿ.
ರ್‍ಯಾಮ್ ಬಿಚ್ಚಿ ರಬ್ಬರಲ್ಲಿ ಉಜ್ಜಿ ಹಾಕ್ತೀನಿ ಸಾರ್.
ಬಿಳೀ ರಬ್ಬರು ಬೇಕು. ವಾಸನೆ ರಬ್ಬರು ಆಗಲ್ಲ.
ಇವಳು ಬಾರದ ದಿನ? ಅಂದೆ.
ಆ ದಿನ ಇಬ್ಬರು ಗೈರುಹಾಜರಿ, ಅಂದರು ಮೇಡಂ.
ಬರುವ ಜೂನಿಗೆ ಅವಳು ಹೈಸ್ಕೂಲಿಗೆ.

ಮೂವತ್ತೊಂದು: ಕಳೆದ ಹನ್ನೆರಡು ತಿಂಗಳಲ್ಲಿ
ಸೈಬರ್ ವಂಚನೆ, ದಾಳಿ, ಮಾಹಿತಿ ಸೋರಿಕೆ ಏನಾದರೂ—
ಇಲ್ಲ, ಎಂದರು,
ನಾನು ಓದಿ ಮುಗಿಸುವ ಮೊದಲೇ.

ಉಳಿದ ಹದಿನೈದು ಬೇಗ ಮುಗಿದವು. ಟೀ ಬಂತು,
ಸಹಿ, ಸೀಲು. ಸೀಲಿನ ಮಸಿ ಒಣಗಿತ್ತು,
ಬಾಯಿಂದ ಹಬೆ ಊದಿ ಒತ್ತಿದರು.

ಗೇಟಿನವರೆಗೂ ಬಂದರು.
ಒಂದು ಮಾತು ಸಾರ್. ಬೇರೆ ಶಾಲೆ ವಿಷಯ. ಹೊಳೆಯಾಚೆಯದು.
ಅಲ್ಲೊಬ್ಬ ಮೇಡಮ್ಮಿಗೆ ಫೋನ್ ಬಂತಂತೆ ಇಲಾಖೆಯಿಂದ,
ಸಮವಸ್ತ್ರದ ಹಣ ಬಿಡುಗಡೆ, ಒಟಿಪಿ ಹೇಳಿ ಅಂತ.
ಏನು ವಿನಯ ಅಂತೀರಿ ಆ ದನಿ, ಮಾತಿಗೊಮ್ಮೆ ಅಮ್ಮಾ ಅಮ್ಮಾ.
ಹದಿನೆಂಟು ಸಾವಿರದ ಆರುನೂರು ಹೋಯ್ತು, ಶಾಲೆ ಖಾತೆಯದ್ದು.
ಯಾರಿಗೂ ಹೇಳಿಲ್ಲ. ತಿಂಗಳಿಗೆ ಎರಡೆರಡು ಸಾವಿರ
ಸಂಬಳದಿಂದ ಕಟ್ಟಿ ಕಟ್ಟಿ, ಇನ್ನು ಎರಡು ಸಾವಿರದ ಆರುನೂರು ಬಾಕಿ.
ಆಡಿಟ್ ಒಳಗೆ ಮುಗೀತದೆ.
ಅಂಥವರಿಗೆ ಏನು ಮಾಡ್ತಾರೆ ಸಾರ್?

ಅವತ್ತೇ ಫೋನ್ ಮಾಡಬೇಕಿತ್ತು, ಅಂದೆ,
ಒಂದು ಒಂಬತ್ತು ಮೂರು ಸೊನ್ನೆಗೆ, ಅದೇ ಗಳಿಗೆಯಲ್ಲಿ.

ಅವತ್ತು ಮಕ್ಕಳಿಗೆ ಮೊಟ್ಟೆ ಹಂಚೋ ದಿನ ಸಾರ್,
ನನಗೆಲ್ಲಿ—

ಅಲ್ಲಿಗೆ ನಿಂತಿತು ಮಾತು.
ಒಳಗೆ ಯಾರೋ ಮಗ್ಗಿ ಹೇಳುತ್ತಿದ್ದರು,
ಹದಿನಾರೆಂಟ್ಲೆಗೆ ಬಂದು ತಡವರಿಸಿದರು.
ನೂರಿಪ್ಪತ್ತೆಂಟು, ಎಂದು ಮೇಡಂ ತಿರುಗದೇ ಕೂಗಿದರು.

ಹಾಸನದ ಕಚೇರಿಯಲ್ಲಿ ಅಂಕಿ ತುಂಬುವ ಶ್ವೇತಾ ಕರೆದಳು:
ಸಾರ್, ಈ ಶಾಲೇದು ಮೂವತ್ತೊಂದು ಪೆನ್ಸಿಲಲ್ಲಿ ಬರ್ದು ಅಳಿಸಿದೀರ.
ಖಾಲಿ ಬಿಟ್ರೆ ಮುಂದಕ್ಕೆ ಹೋಗ್ತಿಲ್ಲ ಇದು.
ಅನ್ವಯಿಸುವುದಿಲ್ಲ ಅಂತ ಹಾಕಿಬಿಡ್ಲಾ?

ತಾಳಮ್ಮ, ಅಂದೆ.
ಖಾಲಿ ಚೌಕದಲ್ಲಿ ಕರ್ಸರು ಮಿಟುಕುತ್ತಿತ್ತು,
ನಾನು ತಿರುವು ದಾಟುವವರೆಗೂ
ಗೇಟಿನ ಸರಳು ಹಿಡಿದು ನಿಂತಿದ್ದ ಅವರ ಹಾಗೆ,
ಒಳಗೂ ಹೋಗದೆ,
ಕೂಗಿ ಏನೂ ಹೇಳದೆ.