ಐದನೆಯ ದಿನ

ಕರೆಂಟು ಬಿಲ್ಲಿನ ಬೆನ್ನ ಮೇಲೆ ಬರೆಯುತ್ತಿದ್ದೇನೆ:
ಜೈಸಲ್ಮೇರು, ಐದು ದಿನ.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು ಹಂಸಣ್ಣ
ಕ್ಯಾಲ್ಕುಲೇಟರ್ ಒತ್ತಿ ತಲೆಗಿಷ್ಟು ಎಂದ,
ಒಂಟೆ ಬೇರೆ, ಊಟ ಬೇರೆ.
'ನಮ್ಮ ಜಿಲ್ಲೆಗೆ ರೈಲೇ ಇಲ್ಲವಲ್ಲಕ್ಕ,
ಮೈಸೂರು ಮುಟ್ಟುವುದೇ ಅರ್ಧ ಯಾತ್ರೆ' ಎಂದು ನಕ್ಕ.

ಮೊದಲ ದಿನ ಕೋಟೆ.
ಒಳಗೆ ಇನ್ನೂ ಸಂಸಾರಗಳಿವೆಯಂತೆ,
ರಾಜನಿಲ್ಲದ ಮೆಟ್ಟಿಲ ಮೇಲೆ ಹಪ್ಪಳ ಒಣಗುತ್ತದಂತೆ.
ಎರಡನೆಯ ದಿನ ಹವೇಲಿಗಳು,
ಕಿಟಕಿಗೆ ಕಲ್ಲಿನಲ್ಲೇ ಕ್ರೋಶಾ ಹಾಕಿದ ಮನೆಗಳು.
ಸಂಜೆ ಕೆರೆಯಲ್ಲಿ ದೋಣಿ.
ಮರುಭೂಮಿಗೆ ಹೋಗಿ ದೋಣಿಯೇ, ಎಂದರು ಇವರು.
ಹೌದು, ಅದೇ ಬೇಕು ನನಗೆ.
ಮೂರನೆಯ ದಿನ ಮರಳದಿಬ್ಬ, ಒಂಟೆ, ಸೂರ್ಯಾಸ್ತ.
ಒಂಟೆ ಏಳುವಾಗ ಹಿಂಗಾಲು ಮೊದಲಂತೆ,
ಮಂಡಿನೋವಿನ ನನ್ನ ಹಾಗೆಯೇ;
ಹೊಂದಿಕೊಂಡೇವು.
ನಾಲ್ಕನೆಯ ದಿನ ಪೇಟೆ. ದುಪಟ್ಟಾ ಎಂಟು,
ನಾದಿನಿಯರ ಲೆಕ್ಕ ಹಿಡಿದು ಹತ್ತು.
ಐದನೆಯ ದಿನದ ಮುಂದೆ ಖಾಲಿ.

ಇವರು ಕಣದಲ್ಲಿ ಕಾಫಿ ಕೆದಕುತ್ತಿದ್ದರು.
ಹಲುಬೆಯ ಹಲ್ಲಿನ ಹಿಂದೆ ಸಾಲು ಸಾಲು ಗೆರೆ.
'ಅಲ್ಲಿ ಈ ಕೆಲಸ ಗಾಳಿ ಮಾಡುತ್ತದೆ,
ಕೂಲಿ ಕೇಳುವುದಿಲ್ಲ' ಎಂದರು, ತಲೆಯೆತ್ತದೆ.
ಎರಡು ಚಳಿಗಾಲ, ಒಂದು ಬೇಸಗೆ ಅಲ್ಲಿದ್ದವರು,
ಮದುವೆಗೂ ಮುಂಚೆ, ಮೂವತ್ತೊಂದು ವರ್ಷದ ಹಿಂದೆ.
ಕೋಟೆ ನೋಡಿದ್ದೀರಾ?
ಲಾರಿಯ ಹಿಂದಿನಿಂದ ಒಮ್ಮೆ, ದೂರದಲ್ಲಿ, ಬೆಲ್ಲದ ಅಚ್ಚಿನ ಹಾಗೆ.
ಹವೇಲಿ?
ಯಾವ ಹವೇಲಿ?
ಮತ್ತೇನು ನೋಡಿದಿರಿ?
ನೀರಿನ ಟ್ಯಾಂಕರು. ಚಪಾತಿಯೊಳಗೆ ಮರಳು.
ಬರಬೇಕಿದ್ದ ಕಾಗದ.

ಬೆಳಿಗ್ಗೆ ಎದ್ದು ನೋಡಿದರೆ ಬಿಲ್ಲಿನ ಬೆನ್ನಿನಲ್ಲಿ
ಐದನೆಯ ದಿನ ತುಂಬಿದೆ,
ರೇಷನ್ ಪಟ್ಟಿಯ ದಪ್ಪ ಅಕ್ಷರದಲ್ಲಿ:
ರಾಮಗಢದ ದಾರಿ. ಖೇಜಡಿ ಮರ. ಚಹಾದಂಗಡಿ. ಮಗಾರಾಮ.

ಯಾರಿದು ಮಗಾರಾಮ?
ಲೋಟ ತೊಳೆಯುವ ಹುಡುಗ, ಹನ್ನೆರಡು ವಯಸ್ಸು ಆಗ.
ಇವರು ಅವನಿಗೆ ಹೇಳಿದ್ದರಂತೆ:
ನಮ್ಮೂರಲ್ಲಿ ಮಳೆ ನಾಲ್ಕು ತಿಂಗಳು ನಿಲ್ಲುವುದಿಲ್ಲ,
ಬೆಲ್ಟಿಗೆ ಬೂಸು, ಬೂಟಿಗೆ ಬೂಸು,
ಕಲ್ಲಿನ ಮೇಲೆ ಹಸಿರು ರೋಮ ಹುಟ್ಟುತ್ತದೆ.
ಹುಡುಗ ಅಂಗಡಿಯ ಮಂದಿಯನ್ನೆಲ್ಲ ಕರೆದ:
ಕೇಳಿರಿ ಕೇಳಿರಿ, ಈ ಫೌಜಿಯ ಊರಲ್ಲಿ
ಕಲ್ಲಿಗೆ ಕೂದಲು ಬೆಳೆಯುತ್ತದಂತೆ!
ಅಂದಿನಿಂದ ದಿನಾ ಚಹಾ ಕೊಡುವಾಗ ಕೇಳುವನಂತೆ,
ಕಲ್ಲಿಗೆ ಕ್ಷೌರ ಮಾಡಿಸಿದಿರಾ ಸಾಬ್?
ಅಷ್ಟರಲ್ಲಿ ವರ್ಗವಾಯಿತು.
ಸಾಮಾನು ಎಲ್ಲ ಬಂತು ಇವರ ಜೊತೆ,
ಜಗಳ ಅಲ್ಲೇ ಉಳಿಯಿತು.

ಮೊಬೈಲಿನಲ್ಲಿ ತೋರಿಸಿದರಾಯಿತು, ಎಂದೆ.
'ಮೊಬೈಲಿನಲ್ಲಿ ಯಾರು ಏನು ಬೇಕಾದರೂ ತೋರಿಸಬಹುದು.
ಕೈಯಲ್ಲಿಡಬೇಕು ಕಲ್ಲನ್ನು.'
ಅವನು ಇರುತ್ತಾನೋ ಇಲ್ಲವೋ,
ಅಂಗಡಿ ಇದೆಯೋ, ಹೋಟೆಲಾಗಿದೆಯೋ.
'ಇಲ್ಲದಿದ್ದರೆ ಅವನ ಮಗನ ಕೈಗೆ.'

ನೀರಿನ ಟ್ಯಾಂಕಿನ ಹಿಂದೆ, ಬಿಸಿಲು ಕಾಣದ ಜಾಗದಲ್ಲಿ
ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಲ್ಲು ಎತ್ತಿ ನೋಡಿದರು,
ಎದೆ ಅಳೆದು ಭರ್ತಿಗೆ ಆರಿಸುವವರ ಹಾಗೆ.
ಐದು ಫೇಲಾದವು.
ಆರನೆಯದು ಅಂಗೈಯಗಲ, ಒಳ್ಳೆ ದಟ್ಟ ಪಾಚಿ,
ಸವರಿದರೆ ಕರುವಿನ ಹಣೆ.
ಹಳೆ ಬನಿಯನ್ನು ಒದ್ದೆ ಮಾಡಿ ಸುತ್ತಿ
ನನ್ನ ಟಿಫಿನ್ ಕ್ಯಾರಿಯರಿನ ತಳದ ಬುಟ್ಟಿಗಿಟ್ಟು ನೋಡಿದರು.
ಸರಿಯಾಗಿ ಕೂತಿತು.
ಪುಳಿಯೋಗರೆಗೆ ಬೇರೆ ಡಬ್ಬಿ ಹುಡುಕಬೇಕು ನಾನು.

ಹೊರಡಲು ಇನ್ನೂ ಐವತ್ತು ದಿನವಿದೆ.
ಕಲ್ಲು ಮತ್ತೆ ಟ್ಯಾಂಕಿನ ಹಿಂದೆ ಹೋಗಿದೆ, ಗುರುತಿಗೆ ದಾರ ಕಟ್ಟಿಸಿಕೊಂಡು.
ನಾನು ಬಿಲ್ಲಿನ ಅಂಚಿನಲ್ಲಿ ಸೇರಿಸಿದೆ:
ಅರಸೀಕೆರೆ, ಹುಬ್ಬಳ್ಳಿ, ಮೀರಜ್, ಪುಣೆ,
ನಿಂತಲ್ಲೆಲ್ಲ ನೀರು ಚಿಮುಕಿಸುವುದು.

ಹಂಸಣ್ಣನಿಗೆ ಫೋನು ಮಾಡಿದೆ.
ಎರಡು ಟಿಕೇಟು, ಹೌದು, ಕೆಳಗಿನ ಬರ್ತು.
ಕಿಟಕಿ ಯಾವ ಕಡೆಗಕ್ಕ? ಎಂದ.
ಬಿಸಿಲು ಬೀಳದ ಕಡೆಗೆ, ಎಂದೆ.