ಚಕ್ರ ಸುತ್ತುವಷ್ಟು ಹೊತ್ತು

ಒಂದು ಲೆಕ್ಕದಲ್ಲಿ ಮೊದಲೇ ಚೆನ್ನಾಗಿತ್ತು.
ಬಾಲೇವಾಡಿಯ ಈ ಸೈಟಿನ ತಗಡು ಶೆಡ್ಡಿನಿಂದ
ದಾನಿಗಳಿಗೆ ವಿಡಿಯೊ ಹಚ್ಚಿದರೆ
ಎರಡು ಮಾತಿಗೊಮ್ಮೆ ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು.
ಅದು ಸುತ್ತುವಷ್ಟರಲ್ಲಿ
ಒಂದು ಮೂಗು ಒರೆಸುತ್ತಿದ್ದೆವು,
ಹೊಡೆದಾಟ ಬಿಡಿಸುತ್ತಿದ್ದೆವು,
ಸೀಳಿದ ಚಾಪೆಯನ್ನು ಅಕ್ಕಿ ಚೀಲದ ಹಿಂದೆ ತುರುಕುತ್ತಿದ್ದೆವು.
ಆ ಕಡೆ ಅವರಿಗೆ ಕಾಣುತ್ತಿದ್ದುದು
ಅರ್ಧಕ್ಕೆ ನಿಂತ ಒಂದು ನಗು.
ನಿಂತ ನಗುವಿಗೆ ದುಡ್ಡು ಬೇಗ ಬರುತ್ತಿತ್ತು.

ಈಗ ಎದುರಿನ ಹದಿನೆಂಟು ಅಂತಸ್ತಿನ ನೆತ್ತಿಯ ಮೇಲೆ
ಹೊಸ ಟವರು ಕೂತಿದೆ.
ಆ ನೆತ್ತಿಗೆ ಕಾಂಕ್ರೀಟು ಹೊತ್ತವರು
ಶಹಾಪುರ, ಸುರಪುರದ ಕಡೆಯವರು,
ಇದೇ ಮಕ್ಕಳ ಅವ್ವಂದಿರು.
ಚಿತ್ರ ಎಲ್ಲೂ ತಡೆಯದೆ ಹರಿಯುತ್ತದೆ.
ಏನನ್ನಾದರೂ ಮುಚ್ಚಿಡಲು ರೆಪ್ಪೆಯಷ್ಟೂ ಹೊತ್ತಿಲ್ಲ.

ಆಫೀಸಿನ ಹುಡುಗ ಓಜಸ್ ಹೇಳಿದ:
ದಾನಿ ಬೆರಳೊತ್ತಿದ ಗಳಿಗೆಗೇ
ಮಗು ಥ್ಯಾಂಕ್ಸ್ ಹೇಳಬೇಕು ಕಾಕಾ, ಹೆಸರು ಹಿಡಿದು.
ನಾನು ಇಪ್ಪತ್ತೆರಡು ವರ್ಷ ರಸೀದಿ ಪುಸ್ತಕ ಹಿಡಿದು
ಲಕ್ಷ್ಮೀ ರಸ್ತೆಯ ಅಂಗಡಿಗಳ ಮೆಟ್ಟಿಲು ಸವೆಸಿದವನು.
ಕೊಟ್ಟದ್ದಕ್ಕೂ ಕೈಮುಗಿಯುವುದಕ್ಕೂ ನಡುವೆ
ಒಂದು ಅಂಚೆಯಷ್ಟಾದರೂ ದೂರ ಇರಲಿ, ಅಂದೆ.
ಓಜಸ್ ಅದನ್ನು ಬರೆದುಕೊಳ್ಳಲಿಲ್ಲ.

ಮೊದಲ ದಿನ ನೂರಾ ನಲವತ್ತು ಜನ ನೋಡಲು ಬಂದರು.
ಸಾಬಣ್ಣ ಮಣ್ಣು ತಿಂದ.
ಮಾರೆಮ್ಮ ಕಾರಣವಿಲ್ಲದೆ ಅತ್ತಳು, ಬಹಳ ಹೊತ್ತು.
ಮಿಕ್ಕವರು ಮಲಗಿಬಿಟ್ಟರು.
ಮಲಗಿದ ಮಕ್ಕಳು ಏನೂ ಮಾಡುವುದಿಲ್ಲ.
ಕಾಲು ಗಂಟೆಯಲ್ಲಿ ಮೂವತ್ತು,
ಆಮೇಲೆ ಆರು,
ಆಮೇಲೆ ಒಬ್ಬರು.

ಸದಾಶಿವ ಪೇಟೆಯ ಕುಮುದಿನಿ ಖರೆ.
ತಿಂಗಳಿಗೆ ನೂರಾ ಒಂದು ರೂಪಾಯಿ, ಅದರ ಮೇಲೆ ಬಿಡಿಗಾಸಿಲ್ಲ.
ಓಜಸ್‌ನ ಪಟ್ಟಿಯಲ್ಲಿ ಕೆಳಗಿನಿಂದ ನಾಲ್ಕನೆಯವರು.
ದಿನಾ ಮಧ್ಯಾಹ್ನ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ
ಮೆಂತ್ಯದ ಸೊಪ್ಪು ಬಿಡಿಸುತ್ತ ಕೂರುತ್ತಾರೆ,
ಮಾತಿಲ್ಲ.
ಅವರ ಕುಕ್ಕರು ನಮ್ಮ ಶೆಡ್ಡಿನಲ್ಲಿ ಸೀಟಿ ಹೊಡೆದಾಗ
ನಿದ್ದೆಯಲ್ಲೇ ಒಂದು ಕೂಸು ಮಗ್ಗುಲು ಬದಲಿಸುತ್ತದೆ.

ಒಂಬತ್ತನೆಯ ದಿನವೋ ಹತ್ತನೆಯದೋ ಬಾಯಿ ಬಿಟ್ಟರು:
ಆ ಹಸಿರು ಲಂಗದ ಹುಡುಗಿ ಎಡಚಿ, ಅಲ್ಲವಾ?
ಬಳಪವನ್ನು ಯಾಕೆ ದಿನಾ ಬಲಗೈಗೆ ಕೊಡುತ್ತೀರಿ?

ಕೊಡುತ್ತಿದ್ದವನು ನಾನೇ.
ಒಂದೂವರೆ ವರ್ಷದಿಂದ,
ಮೂಗು ಒರೆಸಿದಷ್ಟೇ ಸಲೀಸಾಗಿ.
ಕಾರಣವಿಲ್ಲದೆ ಅತ್ತಳು ಅಂದೆನಲ್ಲ,
ಆ ಮಾರೆಮ್ಮ.

ನಮ್ಮ ಅಫಜಲಪುರದಲ್ಲಿ ಖರೆ ಅಂದರೆ ನಿಜ.
ಆಕೆಯ ಮರಾಠಿಯಲ್ಲೂ ಅದೇ ಅರ್ಥ.
ಅಷ್ಟು ವೇಗದ ತರಂಗ ಹತ್ತಿ ಬಂದದ್ದು
ಇಷ್ಟು ನಿಧಾನದ ಒಂದು ನೋಟ.

ಈ ತಿಂಗಳ ರಸೀದಿಯನ್ನು ಕೈಯಲ್ಲೇ ಬರೆದೆ.
ಹಿಂಬದಿಯಲ್ಲಿ ಮಾರೆಮ್ಮ ಎಡಗೈಯಿಂದ ಗೀಚಿದ್ದು
ಕೋಳಿಯೋ ಕ್ರೇನೋ, ಕೇಳಲಿಲ್ಲ.
ಡಬ್ಬಿಗೆ ಹಾಕಿ ಬಂದೆ.
ಹದಿನೈದು ಕಿಲೋಮೀಟರು;
ಅಂಚೆಗೆ ನಾಲ್ಕು ದಿನ ಬೇಕು.
ಬೇಕಾಗಲಿ.